ಅರ್ಧ ದಿನದ ಮೆಲ್ಬರ್ನ್: ಬಸ್ಸಿನಿಂದ ಎಷ್ಟು ಸಲ ಇಳಿಸುತ್ತಾರೆ?

ಮಕ್ಕಳ ಮನೆಗೆಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗುವ ಹಿರಿಯರು, ಗೈಡ್ ಜೊತೆಗಿರುವ ಅರ್ಧ ದಿನದ ಬಸ್ ಪ್ರವಾಸದಲ್ಲಿ ನಗರವನ್ನು ಒಂದು ಸುತ್ತು ನೋಡಬಹುದೆಂದು ಕಳೆದ ತಿಂಗಳ ಅಂಕಣದಲ್ಲಿ ಒಂದೇ ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ಆ ಸಾಲನ್ನು ಹಿಡಿದುಕೊಂಡು ಬಂದ ಪತ್ರಗಳೇ ಈ ಸಲ ಹೆಚ್ಚಾಗಿರುವುದರಿಂದ, ಬೇರೆ ಊರುಗಳ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇರಿಸಿಕೊಂಡು ಇಡೀ ಅಂಕಣವನ್ನು ಮೆಲ್ಬರ್ನ್‌ಗೇ ಬಿಟ್ಟುಕೊಡುತ್ತಿದ್ದೇನೆ.

ಹಾಸನದ ನಿವೃತ್ತ ಶಿಕ್ಷಕರೊಬ್ಬರ ಪ್ರಶ್ನೆ: ನಮ್ಮ ಮಗಳು ಮೆಲ್ಬರ್ನ್‌ನ ಟಾರ್ನೀಟ್ ಎಂಬ ಬಡಾವಣೆಯಲ್ಲಿದ್ದಾಳೆ. ನಾನು ಮತ್ತು ನನ್ನ ಪತ್ನಿ ಮೂರು ತಿಂಗಳಿಗೆಂದು ಹೊರಟಿದ್ದೇವೆ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ, ‘ವಾರದ ದಿನದಲ್ಲಿ ನೀವೇ ಒಂದು ಅರ್ಧ ದಿನದ ಟೂರ್ ಹೋಗಿಬನ್ನಿ’ ಎನ್ನುತ್ತಾರೆ. ನಾಲ್ಕು ಗಂಟೆಯಲ್ಲಿ ಒಂದು ಮಹಾನಗರ ಏನು ಕಂಡೀತು? ಹಣ ಕೊಟ್ಟು ಹೋಗುವುದು ಸಾರ್ಥಕವೇ?

ಉತ್ತರ: ಸಾರ್ಥಕವೇ. ಆದರೆ ಎಂಥ ಪ್ರವಾಸವನ್ನು ಆರಿಸಿಕೊಳ್ಳುತ್ತೀರಿ ಎನ್ನುವುದರ ಮೇಲೆ ಅದು ನಿಂತಿದೆ. ನನ್ನ ಮೊದಲ ಅನುಭವವನ್ನೇ ಹೇಳುತ್ತೇನೆ. ಮಗನ ಮನೆಗೆ ಹೋಗಿದ್ದಾಗ, ಎಂಟು ಸ್ಥಳಗಳ ಪಟ್ಟಿಯಿದ್ದ ಪ್ರವಾಸವನ್ನು ಬಿಟ್ಟು, ಹದಿನಾರು ಸ್ಥಳಗಳ ಪಟ್ಟಿಯಿದ್ದ ಇನ್ನೊಂದಕ್ಕೆ, ಇದೇ ಲಾಭವೆಂದು ಲೆಕ್ಕ ಹಾಕಿ ಹಣ ಕಟ್ಟಿದೆ. ಹದಿನಾರರಲ್ಲಿ ಹದಿಮೂರನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸಿದರು. ‘ಎಡಗಡೆಗೆ ನೋಡಿ’ ಎಂದಾಗ ನಾನು ಬಲಗಡೆಯ ಸೀಟಿನಲ್ಲಿರುತ್ತಿದ್ದೆ. ಕತ್ತು ಹೊರಳಿಸುವಷ್ಟರಲ್ಲಿ ನನಗೆ ಕಂಡದ್ದು ಆ ಬದಿಯಲ್ಲಿ ಕುಳಿತವರ ಟೋಪಿ ಮಾತ್ರ. ಇಳಿಸಿದ ಮೂರು ಕಡೆಗಳಲ್ಲಿ ಒಂದು, ಕೀ ಚೈನು ಮತ್ತು ಕಾಂಗರೂ ಗೊಂಬೆಗಳನ್ನು ಮಾರುವ ಅಂಗಡಿ. ಅಲ್ಲಿ ನಿಲ್ಲಿಸಿದಷ್ಟು ಹೊತ್ತು ಉಳಿದ ಎರಡು ಕಡೆಗಳಲ್ಲಿ ಸೇರಿಸಿಯೂ ನಿಲ್ಲಿಸಲಿಲ್ಲ.

ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲು ಮಗಳ ಜೊತೆ ಕುಳಿತು ಪಟ್ಟಿಯ ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಏನಿದೆಯೆಂದು ಓದಿ. ‘ಡ್ರೈವ್ ಪಾಸ್ಟ್’ ಎಂದಿದ್ದರೆ ಬಸ್ಸು ನಿಲ್ಲುವುದಿಲ್ಲ. ‘ಫೋಟೋ ಸ್ಟಾಪ್’ ಎಂದಿದ್ದರೆ ಇಳಿದು, ಒಂದು ಚಿತ್ರ ತೆಗೆದುಕೊಂಡು, ಮತ್ತೆ ಹತ್ತುವುದು. ‘ಸ್ಟಾಪ್’ ಎಂದು ಬರೆದು ಮುಂದೆ ನಿಮಿಷಗಳನ್ನು ನಮೂದಿಸಿದ್ದರೆ ಮಾತ್ರ ಅದು ನಿಜವಾದ ನಿಲುಗಡೆ. ನಾಲ್ಕು ಗಂಟೆಯಲ್ಲಿ ಅಂಥ ಮೂರು ನಿಲುಗಡೆ ಸಿಕ್ಕರೂ ಸಾಕು. ಫಿಟ್ಜ್‌ರಾಯ್ ಉದ್ಯಾನ, ಯುದ್ಧ ಸ್ಮಾರಕ, ನದಿಯಾಚೆಯ ಸಸ್ಯೋದ್ಯಾನ, ಈ ಮೂರರಲ್ಲಿ ಎರಡಾದರೂ ಅದರಲ್ಲಿದ್ದರೆ ಧೈರ್ಯವಾಗಿ ಹೋಗಿ.

ನಾಲ್ಕು ಗಂಟೆಯಲ್ಲಿ ಮಹಾನಗರ ಏನು ಕಂಡೀತು ಎಂದು ಕೇಳಿದ್ದೀರಿ. ಮೆಲ್ಬರ್ನ್ ಅಗಾಧವಾಗಿ ಹರಡಿದ ಊರಾದರೂ, ಅದರ ನಡುಭಾಗ ತೀರ ಚಿಕ್ಕದು. 1837ರಲ್ಲಿ ರಾಬರ್ಟ್ ಹಾಡಲ್ ಎಂಬ ಸರ್ವೇಯರ್ ಯಾರಾ ನದಿಯ ಉತ್ತರದ ದಂಡೆಯಲ್ಲಿ ಸುಮಾರು ಒಂದು ಮೈಲಿ ಉದ್ದ, ಅರ್ಧ ಮೈಲಿ ಅಗಲದ ಚೌಕುಳಿ ಎಳೆದ. ಕುದುರೆ ಗಾಡಿಗಳ ಕಾಲದಲ್ಲೇ ದೊಡ್ಡ ರಸ್ತೆಗಳಿಗೆ 99 ಅಡಿ ಅಗಲ ಕೊಟ್ಟಿದ್ದರಿಂದ, ಇವತ್ತು ಟ್ರಾಮು, ಕಾರು, ಸೈಕಲ್ಲು, ಮರಗಳ ಸಾಲು ಎಲ್ಲವೂ ಅವುಗಳಲ್ಲಿ ಹಿಡಿಸುತ್ತವೆ. ನೋಡತಕ್ಕವುಗಳಲ್ಲಿ ಬಹುಪಾಲು ಈ ಚೌಕುಳಿಯ ಪೂರ್ವದ ಅಂಚಿನಲ್ಲಿ ಮತ್ತು ನದಿಯಾಚೆಯ ದಕ್ಷಿಣದ ದಂಡೆಯಲ್ಲಿ ಹತ್ತಿರಹತ್ತಿರವಾಗಿಯೇ ಇವೆ.

ಆ ಕಟ್ಟಡಗಳನ್ನು ಕಟ್ಟಿಸಿದ್ದು ಚಿನ್ನ. 1851ರಲ್ಲಿ, ಮೆಲ್ಬರ್ನ್ ರಾಜಧಾನಿಯಾಗಿರುವ ವಿಕ್ಟೋರಿಯಾದ ಒಳನಾಡಿನಲ್ಲಿ ಚಿನ್ನ ಸಿಕ್ಕಿತು. ಸ್ಪ್ರಿಂಗ್ ಸ್ಟ್ರೀಟ್‌ನ ಹಳೆಯ ಖಜಾನೆಯನ್ನು ಅದನ್ನು ಇಡುವ ನೆಲಮಾಳಿಗೆಗಳೊಂದಿಗೆ 1858ರಿಂದ 1862ರ ನಡುವೆ ಕಟ್ಟಿದರು. ಅದರ ನಕಾಶೆಯನ್ನು ಬರೆಯತೊಡಗಿದಾಗ ಜೆ. ಜೆ. ಕ್ಲಾರ್ಕ್‌ಗೆ ಹತ್ತೊಂಬತ್ತು ವರ್ಷ. ಪಕ್ಕದ ಸಂಸತ್ ಭವನದಲ್ಲಿ 1901ರಿಂದ 1927ರವರೆಗೆ, ಹೊಸ ರಾಜಧಾನಿ ಕ್ಯಾನ್‌ಬೆರಾ ಸಿದ್ಧವಾಗುವ ತನಕ, ಇಡೀ ಆಸ್ಟ್ರೇಲಿಯಾದ ಸಂಸತ್ತು ಸೇರುತ್ತಿತ್ತು. ಅದರ ನಕಾಶೆಯಲ್ಲಿದ್ದ ಗುಮ್ಮಟವನ್ನು ಇವತ್ತಿಗೂ ಕಟ್ಟಿಲ್ಲ. ಉತ್ತರಕ್ಕೆ, ಕಾರ್ಲ್‌ಟನ್ ಉದ್ಯಾನದಲ್ಲಿ 1880ರ ವಸ್ತುಪ್ರದರ್ಶನಕ್ಕೆಂದು ಎಬ್ಬಿಸಿದ ರಾಯಲ್ ಎಕ್ಸಿಬಿಷನ್ ಭವನವಿದೆ. 2004ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಿನ್ನ ಸಿಕ್ಕ ಸೀಮೆಗಳಿಗೆಲ್ಲ ಇಂಥ ಭಾಗ್ಯ ಬರುವುದಿಲ್ಲವೆಂಬುದನ್ನು ನಮ್ಮ ಕೆಜಿಎಫ್ ಕಂಡವರಿಗೆ ಹೇಳಬೇಕಾಗಿಲ್ಲ.

ಇನ್ನು, ಯಾವಾಗ ಹೋಗಬೇಕು? ನೀವು ಇಳಿದ ಮೊದಲ ಹದಿನೈದು ದಿನಗಳೊಳಗೆ, ಆದರೆ ಮೂರು ನಾಲ್ಕು ದಿನ ಕಳೆದ ಮೇಲೆ. ಅಕ್ಟೋಬರ್‌ನ ಮೊದಲ ಭಾನುವಾರದಿಂದ ಏಪ್ರಿಲ್‌ನ ಮೊದಲ ಭಾನುವಾರದವರೆಗೆ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಮುಂದಿರುತ್ತದೆ (ಉಳಿದ ತಿಂಗಳುಗಳಲ್ಲಿ ನಾಲ್ಕೂವರೆ ಗಂಟೆ). ಬೆಳಗಿನ ಎಂಟಕ್ಕೆ ಬಸ್ಸು ಹೊರಡುವಾಗ ನಿಮ್ಮ ದೇಹದ ಲೆಕ್ಕದಲ್ಲಿ ಅದು ಹಾಸನದ ಬೆಳಗಿನ ಜಾವ ಎರಡೂವರೆ. ಇಳಿದ ಮರುದಿನವೇ ಹೋದವರು ಯುದ್ಧ ಸ್ಮಾರಕದ ಮೆಟ್ಟಿಲ ಮೇಲೆ ಕುಳಿತು ತೂಕಡಿಸುವುದನ್ನು ನೋಡಿದ್ದೇನೆ. ತಿಂಗಳುಗಟ್ಟಲೆ ಮುಂದೂಡುವುದೂ ಬೇಡ. ಎಲ್ಲಿಗೆ ಮತ್ತೊಮ್ಮೆ ನಿಧಾನವಾಗಿ ಹೋಗಬೇಕೆಂಬುದನ್ನು ಗುರುತು ಮಾಡಿಕೊಳ್ಳುವುದೇ ಈ ಪ್ರವಾಸದ ನಿಜವಾದ ಉಪಯೋಗ. ಹೊರಡುವ ಹಿಂದಿನ ದಿನ ಗುರುತು ಮಾಡಿಕೊಂಡು ಮಾಡುವುದೇನು?

ಬಸ್ಸಿನವರು ಸಾಮಾನ್ಯವಾಗಿ ನಗರದ ನಡುವಿನಿಂದಲೇ ಹೊರಡುತ್ತಾರೆ. ಟಾರ್ನೀಟ್‌ವರೆಗೆ ಬಂದು ಕರೆದುಕೊಂಡು ಹೋಗುವುದಿಲ್ಲ. ಟಾರ್ನೀಟ್ ಸ್ಟೇಷನ್ನಿನಿಂದ ರೈಲು ಹಿಡಿದರೆ ಸದರ್ನ್ ಕ್ರಾಸ್ ನಿಲ್ದಾಣಕ್ಕೆ ನೇರವಾಗಿ ತಲುಪುತ್ತೀರಿ. ರೈಲು, ಟ್ರಾಮುಗಳಿಗೆ ಟಿಕೆಟ್ಟಾಗುವ ‘ಮೈಕಿ’ ಎಂಬ ಕಾರ್ಡಿಗೆ ಹಣ ತುಂಬಿಸಿಕೊಡಲು ಮಗಳಿಗೆ ಮೊದಲೇ ಹೇಳಿ, ಒಂದು ಭಾನುವಾರ ಅವಳ ಜೊತೆಯಲ್ಲೇ ಆ ದಾರಿಯನ್ನು ಒಮ್ಮೆ ಹೋಗಿಬಂದರೆ ಆಮೇಲೆ ಇಬ್ಬರಿಗೂ ಆತಂಕವಿರುವುದಿಲ್ಲ.

ದಾವಣಗೆರೆಯ ಗೃಹಿಣಿಯೊಬ್ಬರ ಪ್ರಶ್ನೆ: ನನಗೆ ಇಂಗ್ಲಿಷ್ ಓದಲು ಬರುತ್ತದೆ, ನಿಧಾನವಾಗಿ ಮಾತನಾಡಿದರೆ ಅರ್ಥವೂ ಆಗುತ್ತದೆ. ಆಸ್ಟ್ರೇಲಿಯಾದವರ ಮಾತು ತಿಳಿಯುವುದೇ ಇಲ್ಲವೆಂದು ನನ್ನ ನಾದಿನಿ ಹೆದರಿಸಿದ್ದಾರೆ. ಗೈಡ್ ಹೇಳುವುದು ಅರ್ಥವಾಗದಿದ್ದರೆ ಹೋಗಿ ಏನು ಪ್ರಯೋಜನ?

ಉತ್ತರ: ಮೊದಲ ಅರ್ಧ ಗಂಟೆ ಕಷ್ಟವೇ. ‘ಡೇ’ ಎನ್ನುವುದು ‘ಡೈ’ ಎಂದಂತೆ ಕೇಳಿಸುತ್ತದೆ. ಮಧ್ಯಾಹ್ನವನ್ನು ‘ಆರ್ವೋ’ ಎನ್ನುತ್ತಾರೆ, ಬೆಳಗಿನ ತಿಂಡಿಯನ್ನು ‘ಬ್ರೆಕ್ಕಿ’ ಎನ್ನುತ್ತಾರೆ. ಕ್ರಿಕೆಟ್ ಮೈದಾನಕ್ಕೆ ‘ದಿ ಜಿ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ದೊಡ್ಡ ಮಾತನ್ನು ತುಂಡರಿಸಿ ಚಿಕ್ಕದು ಮಾಡುವುದು ಅವರಿಗೆ ಅಭ್ಯಾಸ. ಕಿವಿ ಹೊಂದಿಕೊಂಡ ಮೇಲೆ ಅದೇ ಒಂದು ಮೋಜು. ಅನೇಕ ಪ್ರವಾಸಗಳಲ್ಲಿ ಚಾಲಕನೇ ಗೈಡ್ ಆಗಿರುತ್ತಾನೆ. ಬಾಯಿಯ ಹತ್ತಿರ ಮೈಕು ಸಿಕ್ಕಿಸಿಕೊಂಡು ಬಸ್ಸು ಓಡಿಸುತ್ತಲೇ ಹೇಳುತ್ತಾ ಹೋಗುತ್ತಾನೆ. ಸಾಧ್ಯವಾದರೆ ಮುಂದಿನ ಎರಡು ಮೂರು ಸಾಲುಗಳಲ್ಲಿ ಕುಳಿತುಕೊಳ್ಳಿ. ಬಸ್ಸು ಚಲಿಸುವಾಗ ಪ್ರಶ್ನೆ ಕೇಳದೆ, ಇಳಿದ ಮೇಲೆ ಹತ್ತಿರ ಹೋಗಿ ಕೇಳಿ. ‘ನೋ ವರೀಸ್’ ಎನ್ನುತ್ತಾ ಮತ್ತೊಮ್ಮೆ ವಿವರಿಸುತ್ತಾರೆ, ಬೇಸರಿಸಿಕೊಳ್ಳುವುದಿಲ್ಲ.

ತಪ್ಪದೆ ಕೇಳಿಸಿಕೊಳ್ಳಬೇಕಾದ ವಾಕ್ಯ ಒಂದೇ: ‘ಬಸ್ಸಿಗೆ ಎಷ್ಟು ಗಂಟೆಗೆ ಹಿಂತಿರುಗಬೇಕು?’ ಅದನ್ನು ಅವರ ಬಾಯಿಂದ ಕೇಳಿದ ಮೇಲೂ ನಿಮ್ಮ ಕೈಗಡಿಯಾರವನ್ನು ತೋರಿಸಿ ಖಚಿತಪಡಿಸಿಕೊಳ್ಳಿ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ಗಳ ನಡುವೆ ಒಬ್ಬ ಗುಜರಾತಿ ಹಿರಿಯರು ಸಿಕ್ಕಿಕೊಂಡು, ಇಡೀ ಬಸ್ಸು ಅವರಿಗಾಗಿ ಕಾದದ್ದು ನನ್ನ ಕಣ್ಣೆದುರಿನ ಘಟನೆ.

ಮೈಸೂರಿನ ಕಾಲೇಜು ವಿದ್ಯಾರ್ಥಿಯ ಪ್ರಶ್ನೆ: ಎಲ್ಲ ಪ್ರವಾಸಗಳ ಪಟ್ಟಿಯಲ್ಲೂ ಕ್ಯಾಪ್ಟನ್ ಕುಕ್‌ನ ಮನೆ ಇದೆ. ಕುಕ್ ಮೆಲ್ಬರ್ನ್‌ನಲ್ಲಿ ವಾಸವಾಗಿದ್ದನೇ?

ಉತ್ತರ: ಇಲ್ಲ. ಇಂಗ್ಲೆಂಡಿನ ನಾವಿಕನಾದ ಆತ ಮೆಲ್ಬರ್ನ್ ಇರುವ ಕೊಲ್ಲಿಯನ್ನು ಕಂಡವನೂ ಅಲ್ಲ. 1770ರ ಏಪ್ರಿಲ್‌ನಲ್ಲಿ ಅವನ ‘ಎಂಡೆವರ್’ ಹಡಗಿನವರಿಗೆ ಈ ಖಂಡದ ಪೂರ್ವ ಕರಾವಳಿ ಮೊದಲು ಕಂಡದ್ದು ಇಂದಿನ ವಿಕ್ಟೋರಿಯಾ ರಾಜ್ಯದ ಪೂರ್ವ ಮೂಲೆಯಲ್ಲಿ. ಅಲ್ಲಿಂದ ಹಡಗು ಉತ್ತರಕ್ಕೆ ತಿರುಗಿತು.

ಫಿಟ್ಜ್‌ರಾಯ್ ಉದ್ಯಾನದಲ್ಲಿರುವುದು ಅವನ ತಂದೆತಾಯಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಗ್ರೇಟ್ ಏಟನ್ ಎಂಬ ಹಳ್ಳಿಯಲ್ಲಿ ಕಟ್ಟಿಸಿಕೊಂಡಿದ್ದ ಪುಟ್ಟ ಮನೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಜೇಮ್ಸ್ ಮತ್ತು ಗ್ರೇಸ್ ಎಂಬ ಅವರ ಹೆಸರುಗಳ ಮೊದಲಕ್ಷರಗಳನ್ನೂ 1755 ಎಂಬ ಇಸವಿಯನ್ನೂ ಕೆತ್ತಲಾಗಿದೆ. ಮಗ ನೌಕಾಪಡೆಗೆ ಸೇರಿದ್ದೂ ಅದೇ ವರ್ಷ. ಅಂದರೆ ತಂದೆತಾಯಿಯನ್ನು ನೋಡಲು ಯಾವಾಗಲಾದರೂ ಬಂದು ತಂಗಿದ್ದರೆ ತಂಗಿರಬೇಕು, ಅಷ್ಟೆ. 1933ರಲ್ಲಿ ಆ ಮನೆ ಮಾರಾಟಕ್ಕೆ ಬಂದಾಗ, ‘ಇಂಗ್ಲೆಂಡಿನಲ್ಲೇ ಉಳಿಯಬೇಕು’ ಎಂದು ಮಾಲೀಕರು ಹಾಕಿದ್ದ ಷರತ್ತನ್ನು ‘ಸಾಮ್ರಾಜ್ಯದಲ್ಲೇ ಉಳಿಯಬೇಕು’ ಎಂದು ಬದಲಾಯಿಸಲು ಒಪ್ಪಿಸಿ, ರಸೆಲ್ ಗ್ರಿಮ್‌ವೇಡ್ ಎಂಬ ಮೆಲ್ಬರ್ನ್‌ನ ಉದ್ಯಮಿ 800 ಪೌಂಡಿಗೆ ಕೊಂಡರು. ಗೋಡೆಯನ್ನು ಬಿಚ್ಚಿ, ತುಂಡುತುಂಡಿಗೂ ಸಂಖ್ಯೆ ಬರೆದು, 253 ಪೆಟ್ಟಿಗೆಗಳಲ್ಲೂ 40 ಪೀಪಾಯಿಗಳಲ್ಲೂ ತುಂಬಿ ಹಡಗಿಗೇರಿಸಿದರು. ಗೋಡೆಗೆ ಹಬ್ಬಿದ್ದ ಬಳ್ಳಿಯ ಒಂದು ಕಡ್ಡಿಯನ್ನೂ ಜೊತೆಗೆ ತಂದು ಇಲ್ಲಿ ನೆಟ್ಟರು. 1934ರಲ್ಲಿ, ವಿಕ್ಟೋರಿಯಾದ ವಸಾಹತಿಗೆ ನೂರು ವರ್ಷ ತುಂಬಿದ ಸಂಭ್ರಮಕ್ಕೆ, ಅದನ್ನು ಜನರಿಗೆ ಉಡುಗೊರೆಯಾಗಿ ಕೊಟ್ಟರು.

ಮನೆ ಪುಟ್ಟದು, ಬಾಗಿಲಲ್ಲಿ ತಲೆ ಬಗ್ಗಿಸಬೇಕು. ಒಳಗೆ ಹೋಗಲು ಬೇರೆ ಟಿಕೆಟ್ ಇದ್ದು, ಅರ್ಧ ದಿನದ ಪ್ರವಾಸದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಎಂಬುದನ್ನು ಕೇಳಿಕೊಳ್ಳಬೇಕು. ಸೇರಿರದಿದ್ದರೆ ನನ್ನ ಸಲಹೆ ಬೇರೆ: ಆ ಇಪ್ಪತ್ತು ನಿಮಿಷದಲ್ಲಿ ಉದ್ಯಾನದ ಇನ್ನೊಂದು ಮೂಲೆಯಲ್ಲಿರುವ ‘ಸ್ಕಾರ್ಡ್ ಟ್ರೀ’ಯನ್ನು ಹುಡುಕಿಕೊಂಡು ಹೋಗಿ. ಒಣಗಿದ ಯೂಕಲಿಪ್ಟಸ್ ಕಾಂಡ ಅದು. ದೋಣಿಗೋ ಪಾತ್ರೆಗೋ ಬೇಕಾದ ತೊಗಟೆಯನ್ನು ಮರ ಸಾಯದಂತೆ ಉದ್ದಕ್ಕೆ ಬಿಡಿಸಿಕೊಳ್ಳುವುದು ಇಲ್ಲಿನ ಮೂಲನಿವಾಸಿಗಳ ರೂಢಿಯಾಗಿತ್ತು. ಬಿಡಿಸಿದ ಗಾಯ ಕಾಂಡದ ಮೇಲೆ ಹಾಗೆಯೇ ಉಳಿದಿದೆ. ಬ್ರಿಟಿಷರು 1835ರಲ್ಲಿ ಬಂದು ನೆಲೆಸುವುದಕ್ಕೆ ಮೊದಲು ಈ ನೆಲ ಕುಲಿನ್ ಜನಾಂಗದ ವುರುಂಜೆರಿ ಮತ್ತು ಬುನುರಾಂಗ್ ಪಂಗಡಗಳದ್ದು; ಯಾರಾ ನದಿಗೆ ಅವರ ಹೆಸರು ಬಿರರಂಗ್. ಇತ್ತೀಚೆಗೆ ಅನೇಕ ಗೈಡ್‌ಗಳು ಪ್ರವಾಸದ ಆರಂಭದಲ್ಲಿ ಅವರನ್ನು ನೆನೆಯುತ್ತಾರೆ, ಆದರೆ ಮರುವಾಕ್ಯದಲ್ಲೇ 1835ಕ್ಕೆ ಹಾರಿಬಿಡುತ್ತಾರೆ. ಇಂಗ್ಲೆಂಡಿನಿಂದ ತಂದು ಜೋಡಿಸಿದ ಮನೆ ಎಲ್ಲ ಪಟ್ಟಿಗಳಲ್ಲೂ ಇದೆ; ಅದೇ ಉದ್ಯಾನದಲ್ಲಿರುವ ಈ ಮರವನ್ನು ನಾನು ಯಾವ ಪಟ್ಟಿಯಲ್ಲೂ ಕಾಣಲಿಲ್ಲ.

ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರ ಪ್ರಶ್ನೆ: ಕಟ್ಟಡಗಳಲ್ಲಿ ನನಗೆ ಆಸಕ್ತಿ ಕಡಿಮೆ. ಗಿಡಮರಗಳನ್ನು ನೋಡುವವರಿಗೆ ಈ ಅರ್ಧ ದಿನದಲ್ಲಿ ಏನಾದರೂ ಸಿಗುತ್ತದೆಯೇ?

ಉತ್ತರ: ನಿಮ್ಮ ತೋಟದಿಂದಲೇ ಶುರುಮಾಡಬಹುದು. ಕಾಫಿಗೆ ನೆರಳು ಕೊಡುತ್ತಾ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಮೆಲ್ಬರ್ನ್‌ನಿಂದ ಬಹಳ ಉತ್ತರಕ್ಕೆ, ಕ್ವೀನ್ಸ್‌ಲ್ಯಾಂಡಿನ ಕಡೆಯ ಕಾಡುಗಳು ಅದರ ತವರು. ನಾವು ಅದನ್ನು ಅಡ್ಡರೆಂಬೆ ಸವರಿ, ನೆಟ್ಟಗೆ ಕಂಬದಂತೆ ಬೆಳೆಸುತ್ತೇವೆ. ಯಾರೂ ಕತ್ತಿ ಮುಟ್ಟಿಸದೆ ಬಿಟ್ಟ ಸಿಲ್ವರ್ ಓಕ್ ಕಿತ್ತಳೆ ಬಣ್ಣದ ಹೂ ಬಿಟ್ಟು ನಿಂತಾಗ, ಇದು ನಮ್ಮ ತೋಟದ ಮರವೇ ಎಂದು ಒಂದು ಕ್ಷಣ ಅನುಮಾನವಾಗುತ್ತದೆ. ಮಲೆನಾಡಿನ ಗುಡ್ಡಗಳಲ್ಲಿ ನೆಟ್ಟಿರುವ ಅಕೇಶಿಯಾವೂ ಆ ಖಂಡದ ಉತ್ತರ ಭಾಗದಿಂದಲೇ ಬಂದದ್ದು. ಅದರ ಬಗ್ಗೆ ನಿಮ್ಮ ಅಭಿಪ್ರಾಯವೇನೆಂದು ನಾನು ಕೇಳುವುದಿಲ್ಲ.

ನೀಲಗಿರಿ ಮರವೆಂದು ನಾವು ಕರೆಯುವ ಯೂಕಲಿಪ್ಟಸ್‌ನ ಕತೆ ಇನ್ನೂ ಹಳೆಯದು. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ಅದನ್ನು ಮೊದಲು ನೆಡಲಾಯಿತೆಂಬುದು ರೂಢಿಯಲ್ಲಿರುವ ಮಾತು. ಮುಂದೆ ಆ ಮರದ ಬೀಜಗಳನ್ನು ಲೋಕದ ನಾನಾ ಭಾಗಗಳಿಗೆ ಹುರುಪಿನಿಂದ ಕಳುಹಿಸಿದವರಲ್ಲಿ ಮುಖ್ಯರು ಫರ್ಡಿನಂಡ್ ಫಾನ್ ಮ್ಯೂಲರ್. 1857ರಿಂದ 1873ರವರೆಗೆ ಮೆಲ್ಬರ್ನ್ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ಜರ್ಮನ್ ಮೂಲದ ಸಸ್ಯವಿಜ್ಞಾನಿ. 1846ರಲ್ಲಿ ಶುರುವಾದ ಆ ಉದ್ಯಾನ ಈಗ 38 ಹೆಕ್ಟೇರ್ ಇದೆ, ಪ್ರವೇಶ ಉಚಿತ. ಹುಲ್ಲು ಹಾಸಿದ ಇಳಿಜಾರು, ನಡುವಿನ ಕೆರೆ, ತಿರುವಿನಲ್ಲಿ ತಟ್ಟನೆ ಎದುರಾಗುವ ಮರಗಳ ಗುಂಪು, ಈ ವಿನ್ಯಾಸವೆಲ್ಲ ಮ್ಯೂಲರ್ ನಂತರ ಬಂದ ವಿಲಿಯಂ ಗಿಲ್ಫಾಯ್ಲ್ ಅವರ ಕೈಕೆಲಸ. ಮ್ಯೂಲರ್ ಅವರದ್ದು ಪಾಠಶಾಲೆಯ ತೋಟವಾಗಿತ್ತು, ಜನರಿಗೆ ಬೇಕಾಗಿದ್ದದ್ದು ಅಡ್ಡಾಡುವ ತೋಟ. ಆ ಜಗಳದಲ್ಲಿ ಅವರು ಹುದ್ದೆ ಕಳೆದುಕೊಂಡರು.

ಅಲ್ಲಿ ‘ಸೆಪರೇಷನ್ ಟ್ರೀ’ ಎಂಬ ರೆಡ್ ಗಮ್ ಮರವಿತ್ತು. ನ್ಯೂ ಸೌತ್ ವೇಲ್ಸ್‌ನಿಂದ ವಿಕ್ಟೋರಿಯಾ ಬೇರೆಯಾಗುವ ಸುದ್ದಿ ಬಂದಾಗ, 1850ರ ನವೆಂಬರ್‌ನಲ್ಲಿ, ಜನ ಅದರ ನೆರಳಿನಲ್ಲಿ ಸೇರಿ ಸಂಭ್ರಮಿಸಿದ್ದರು. 2010ರಲ್ಲೊಮ್ಮೆ, 2013ರಲ್ಲಿ ಮತ್ತೊಮ್ಮೆ, ಯಾರೋ ರಾತ್ರಿಯ ವೇಳೆ ಅದರ ಸುತ್ತ ತೊಗಟೆ ಕೆತ್ತಿದರು, ಮರ ಉಳಿಯಲಿಲ್ಲ. ಬೇಲಿಯಂಚಿನ ಮರವನ್ನು ಸುತ್ತ ಕಚ್ಚು ಹಾಕಿ ಒಣಗಿಸುವ ಉಪಾಯ ನಿಮಗೆ ಗೊತ್ತಿರುವುದೇ. ಫಿಟ್ಜ್‌ರಾಯ್ ಉದ್ಯಾನದಲ್ಲಿ ಎಲ್ಮ್ ಮರಗಳ ಸಾಲುದಾರಿಗಳನ್ನೂ ನೋಡಿ. ಯುರೋಪು, ಅಮೆರಿಕಗಳಲ್ಲಿ ಡಚ್ ಎಲ್ಮ್ ರೋಗಕ್ಕೆ ಸಿಕ್ಕಿ ಅವು ಬಹುಮಟ್ಟಿಗೆ ನಾಶವಾದವು. ರೋಗ ಮುಟ್ಟದ ಮೆಲ್ಬರ್ನ್‌ನಲ್ಲಿ ಪರದೇಶಿ ಮರ ತನ್ನ ತವರಿಗಿಂತ ಚೆನ್ನಾಗಿ ಬಾಳುತ್ತಿದೆ. ಬಸ್ ಪ್ರವಾಸದವರು ಸಸ್ಯೋದ್ಯಾನದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಬಿಡಲಾರರು. ನಿಮ್ಮಂಥವರು ಪ್ರವಾಸವನ್ನು ಮುಗಿಸಿ, ಊಟದ ನಂತರ ಮತ್ತೆ ಅಲ್ಲಿಗೇ ಹೋಗುವುದು ಲೇಸು.

ಹುಬ್ಬಳ್ಳಿಯ ಓದುಗರೊಬ್ಬರ ಪ್ರಶ್ನೆ: ಮೆಲ್ಬರ್ನ್ ಕ್ರಿಕೆಟ್ ಮೈದಾನವನ್ನು ಒಳಗೆ ಹೋಗಿ ನೋಡುವ ಅವಕಾಶ ಈ ಪ್ರವಾಸದಲ್ಲಿ ಇರುತ್ತದೆಯೇ?

ಉತ್ತರ: ಹೆಚ್ಚಿನವುಗಳಲ್ಲಿ ಇರುವುದಿಲ್ಲ, ಹೊರಗಿನಿಂದ ಸುತ್ತು ಹಾಕಿಸುತ್ತಾರೆ, ಇಲ್ಲವೇ ಪ್ರತಿಮೆಗಳ ಹತ್ತಿರ ಐದು ನಿಮಿಷ ನಿಲ್ಲಿಸುತ್ತಾರೆ. ಮೈದಾನದವರೇ ನಡೆಸುವ ಬೇರೆ ಗೈಡೆಡ್ ಟೂರ್ ಇದ್ದು, ಪಂದ್ಯಗಳಿಲ್ಲದ ದಿನಗಳಲ್ಲಿ ಅದಕ್ಕೆ ಟಿಕೆಟ್ ಕೊಳ್ಳಬಹುದು. ಕ್ರಿಕೆಟ್ ಹುಚ್ಚಿದ್ದವರು ನಗರ ಪ್ರವಾಸವನ್ನು ಬಿಟ್ಟಾದರೂ ಇದಕ್ಕೆ ಹೋಗಬೇಕೆಂದು ನಾನು ಪಕ್ಷಪಾತದಿಂದಲೇ ಹೇಳುತ್ತೇನೆ.

1853ರಲ್ಲಿ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿಗೆ ಸಿಕ್ಕ ನೆಲ ಅದು. ಟೆಸ್ಟ್ ಕ್ರಿಕೆಟ್ ಹುಟ್ಟಿದ್ದು ಅಲ್ಲಿ, 1877ರ ಮಾರ್ಚ್‌ನಲ್ಲಿ. ಆಸ್ಟ್ರೇಲಿಯಾ ಇಂಗ್ಲೆಂಡನ್ನು 45 ರನ್‌ಗಳಿಂದ ಸೋಲಿಸಿತು. ನೂರು ವರ್ಷದ ನೆನಪಿಗೆ 1977ರಲ್ಲಿ ಅವೇ ತಂಡಗಳು ಅಲ್ಲೇ ಆಡಿದಾಗಲೂ ಫಲಿತಾಂಶ ಅದೇ, ಅಂತರವೂ ಅದೇ 45. ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯ ನಡೆದದ್ದೂ ಅಲ್ಲಿಯೇ, 1971ರ ಜನವರಿ 5ರಂದು. ಒಂದು ಲಕ್ಷ ಜನ ಕೂರುವ ಆ ಗ್ಯಾಲರಿಯ ಮೇಲ್ತುದಿಯಿಂದ ಪಿಚ್ಚು ಬೆಂಕಿಕಡ್ಡಿಯಷ್ಟು ಕಾಣುತ್ತದೆ.

ಆದರೆ ಕನ್ನಡಿಗರು ಆ ಪಿಚ್ಚನ್ನು ನೋಡುವಾಗ ನೆನೆಯಬೇಕಾದದ್ದು ಬೇರೆ. 1977ರ ಡಿಸೆಂಬರ್ 30ರಂದು ಶುರುವಾದ ಟೆಸ್ಟ್‌ನಲ್ಲಿ ಬಿ. ಎಸ್. ಚಂದ್ರಶೇಖರ್, ಪೋಲಿಯೋ ತಗುಲಿದ್ದ ಅದೇ ಬಲಗೈಯಿಂದ, ಮೊದಲ ಇನ್ನಿಂಗ್ಸ್‌ನಲ್ಲಿ 52 ರನ್‌ಗಳಿಗೆ 6 ವಿಕೆಟ್, ಎರಡನೆಯದರಲ್ಲೂ ಸರಿಯಾಗಿ 52 ರನ್‌ಗಳಿಗೆ 6 ವಿಕೆಟ್ ಪಡೆದರು. ಭಾರತ 222 ರನ್‌ಗಳಿಂದ ಗೆದ್ದಿತು. ಆಸ್ಟ್ರೇಲಿಯಾದ ನೆಲದಲ್ಲಿ ಅದು ನಮ್ಮ ಮೊದಲ ಟೆಸ್ಟ್ ಗೆಲುವು. 1981ರ ಫೆಬ್ರವರಿಯಲ್ಲಿ ಅದೇ ಅಂಗಳದಲ್ಲಿ ಗುಂಡಪ್ಪ ವಿಶ್ವನಾಥ್ 114 ರನ್ ಹೊಡೆದು ತಂಡವನ್ನು ನಿಲ್ಲಿಸಿದರು, ಕೊನೆಯಲ್ಲಿ ಕಪಿಲ್ ದೇವ್ 28 ರನ್‌ಗಳಿಗೆ 5 ವಿಕೆಟ್ ಕಿತ್ತು ಆಸ್ಟ್ರೇಲಿಯಾವನ್ನು 83ಕ್ಕೆ ಮುಗಿಸಿದರು. ಕೆ. ಎಲ್. ರಾಹುಲ್ 2014ರಲ್ಲಿ, ಮಯಂಕ್ ಅಗರ್ವಾಲ್ 2018ರಲ್ಲಿ ಟೆಸ್ಟ್‌ಗೆ ಕಾಲಿಟ್ಟದ್ದೂ ಅಲ್ಲೇ. ನಮ್ಮನ್ನು ಕರೆದೊಯ್ದ ಬೆಳ್ಳಿಗೂದಲಿನ ಗೈಡ್‌ಗೆ ಚಂದ್ರ ಅವರ ಹೆಸರು ಹೇಳಿದೆ. ಆತ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಮುಂಗೈ ತಿರುಗಿಸಿ ಚೆಂಡು ಬಿಡುವ ಅಭಿನಯ ಮಾಡಿ ನಕ್ಕರು. ಭಾಷೆಯ ಅಗತ್ಯವೇ ಬೀಳಲಿಲ್ಲ.

ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಓದುಗರೊಬ್ಬರ ಪ್ರಶ್ನೆ: ಅಲ್ಲಿನ ಯುದ್ಧ ಸ್ಮಾರಕಕ್ಕೆ ಎಲ್ಲರನ್ನೂ ಕರೆದೊಯ್ಯುತ್ತಾರಂತೆ. ಅವರ ಸೈನಿಕರ ಸ್ಮಾರಕದಲ್ಲಿ ನಮಗೇನು ನೋಡಲಿಕ್ಕಿದೆ?

ಉತ್ತರ: ನಿಮ್ಮ ಬಡಾವಣೆಯಲ್ಲೇ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದ ಆ ಅಶ್ವಪಡೆ ಸೇರಿದ್ದದ್ದು ಬ್ರಿಟಿಷ್ ಸಾಮ್ರಾಜ್ಯದ ‘ಡೆಸರ್ಟ್ ಮೌಂಟೆಡ್ ಕೋರ್’ ಎಂಬ ಕುದುರೆ ಸವಾರರ ದಂಡಿಗೆ. ಅದರ ದಂಡನಾಯಕ ಹ್ಯಾರಿ ಶೊವೆಲ್ ಆಸ್ಟ್ರೇಲಿಯಾದವರು, ಆಸ್ಟ್ರೇಲಿಯಾದ ಕುದುರೆ ಸವಾರರೂ ಅದೇ ಪಡೆಯಲ್ಲಿದ್ದರು. ಹಾಗಾಗಿ ಅದು ತೀರ ಬೇರೆಯವರ ಸ್ಮಾರಕವೇನಲ್ಲ.

‘ಶ್ರೈನ್ ಆಫ್ ರಿಮೆಂಬ್ರನ್ಸ್’ 1934ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಒಳಗಿನ ಮುಖ್ಯ ಮಂಟಪದಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಒಂದು ಶಿಲಾಫಲಕವಿದೆ. ಅದರ ಮೇಲಿನ ಅಕ್ಷರಗಳನ್ನು ಓದಬೇಕಾದರೆ ಯಾರಾದರೂ ತಲೆ ತಗ್ಗಿಸಲೇಬೇಕು. ಪ್ರತಿ ವರ್ಷ ನವೆಂಬರ್ 11ರ ಬೆಳಿಗ್ಗೆ 11 ಗಂಟೆಗೆ, ಮೊದಲ ಮಹಾಯುದ್ಧ ನಿಂತ ಗಳಿಗೆಯಲ್ಲಿ, ಮೇಲ್ಛಾವಣಿಯ ಕಿಂಡಿಯಿಂದ ಬಿಸಿಲಿನ ಒಂದು ಕೋಲು ಆ ಫಲಕದ ಮೇಲಿನ ‘ಲವ್’ ಎಂಬ ಪದದ ಮೇಲೆ ಬೀಳುವಂತೆ ಕಟ್ಟಿದ್ದಾರೆ. ನಮ್ಮ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ಬಿಸಿಲಿಗೆ ಕಾದು ನಿಂತವರಿಗೆ ಇದು ಹೊಸತೆನಿಸುವುದಿಲ್ಲ. ಮುಂದೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಬಂದಾಗ ಲೆಕ್ಕ ತಪ್ಪಿತು. ಸೂರ್ಯ ಸರ್ಕಾರದ ಆದೇಶ ಕೇಳುವುದಿಲ್ಲವಲ್ಲ. ಈಗ ಕನ್ನಡಿಯಿಟ್ಟು ಕಿರಣವನ್ನು ತಿರುಗಿಸುತ್ತಾರೆ. ಉಳಿದ ದಿನಗಳಲ್ಲಿ ವಿದ್ಯುತ್ ಬೆಳಕಿನಿಂದ ಅದನ್ನೇ ತೋರಿಸುತ್ತಾರೆ. ನಿಮ್ಮ ನಿಲುಗಡೆಯೊಳಗೆ ಅದು ನಡೆಯುತ್ತದೆಯೇ ಎಂದು ಗೈಡ್ ಬಳಿ ಕೇಳಿ. ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನಿಂದ ಲಿಫ್ಟ್ ಇದೆ, ಪ್ರವೇಶ ಉಚಿತ. ಮೇಲಿನ ಮೊಗಸಾಲೆಯಿಂದ ಇಡೀ ನಗರ ನೇರ ರಸ್ತೆಯ ತುದಿಯಲ್ಲಿ ನಿಂತಂತೆ ಕಾಣುತ್ತದೆ.

ಶಿವಮೊಗ್ಗದ ಓದುಗರೊಬ್ಬರ ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ, ಪತ್ನಿಗೆ ಮಂಡಿನೋವು. ಬಟ್ಟೆ, ಊಟ, ಶೌಚಾಲಯಗಳ ಬಗ್ಗೆ ತಿಳಿಸಿ.

ಉತ್ತರ: ಬೇಸಿಗೆಯಾದರೂ ಒಂದು ಸ್ವೆಟರ್, ಚಳಿಗಾಲವಾದರೂ ಒಂದು ಟೋಪಿ ಚೀಲದಲ್ಲಿರಲಿ. ಒಂದೇ ದಿನದಲ್ಲಿ ನಾಲ್ಕು ಋತುಗಳೆಂದು ಆ ಊರಿನವರೇ ಹೇಳಿಕೊಳ್ಳುತ್ತಾರೆ. ಅಲ್ಲಿನ ಬಿಸಿಲು ಸೆಕೆಯಿಲ್ಲದೆಯೂ ಚರ್ಮ ಸುಡುತ್ತದೆ. ಕೊಡೆಗಿಂತ ತಲೆ ಮುಚ್ಚುವ ಜಾಕೆಟ್ ಮೇಲು, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಚಪಾತಿ ಪಲ್ಯದ ಸುರುಳಿಯೋ ಅವಲಕ್ಕಿಯೋ ಕಟ್ಟಿಕೊಂಡು ಹೋಗಿ. ಬಸ್ಸಿನೊಳಗೆ ತಿನ್ನಲು ಬಿಡದಿರಬಹುದು, ಉದ್ಯಾನದ ಬೆಂಚಿನಲ್ಲಿ ತಿನ್ನಬಹುದು. ನಲ್ಲಿ ನೀರು ಕುಡಿಯಲು ಯೋಗ್ಯ. ಸಾರ್ವಜನಿಕ ಶೌಚಾಲಯಗಳು ಉಚಿತವಾಗಿದ್ದು ಚೊಕ್ಕವಾಗಿವೆ. ಉದ್ಯಾನದಲ್ಲೂ ಸ್ಮಾರಕದಲ್ಲೂ ಇವೆ. ಮಂಡಿನೋವಿರುವವರು ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವಿದೆಯೆಂದು ಮೊದಲೇ ವಿಚಾರಿಸಿ. ಬಸ್ಸಿನಲ್ಲಿ ಸೀಟ್ ಬೆಲ್ಟ್ ಇದ್ದರೆ ಕಟ್ಟಿಕೊಳ್ಳುವುದು ಕಡ್ಡಾಯ. 1970ರಲ್ಲಿ ಜಗತ್ತಿನಲ್ಲೇ ಮೊದಲು ಸೀಟ್ ಬೆಲ್ಟ್ ಕಡ್ಡಾಯ ಮಾಡಿದ್ದು ಇದೇ ವಿಕ್ಟೋರಿಯಾ ರಾಜ್ಯ.

ಬೆಳಗಾವಿಯ ಓದುಗರೊಬ್ಬರ ದೂರು: ನಾವು ಹೋದ ಪ್ರವಾಸದ ಪಟ್ಟಿಯಲ್ಲಿ ಕ್ವೀನ್ ವಿಕ್ಟೋರಿಯಾ ಮಾರುಕಟ್ಟೆ ಇತ್ತು. ಸೋಮವಾರ ಹೋದೆವು, ಬಾಗಿಲು ಮುಚ್ಚಿತ್ತು. ಇದು ಮೋಸವಲ್ಲವೇ?

ಉತ್ತರ: ಮಾರುಕಟ್ಟೆಗೆ ಸೋಮವಾರ ಮತ್ತು ಬುಧವಾರ ರಜೆ. ಪಟ್ಟಿಯ ಕೆಳಗೆ ಚಿಕ್ಕ ಅಕ್ಷರದಲ್ಲಿ ಅದನ್ನು ನಮೂದಿಸಿದ್ದರೆ ಮೋಸವೆನ್ನಲಾಗದು. ನಮೂದಿಸದೆ ಸೋಮವಾರದ ಟಿಕೆಟ್ ಮಾರಿದ್ದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ, ಲಿಖಿತವಾಗಿ ಹಣ ಮರಳಿ ಕೇಳಿ. 1878ರಿಂದ ನಡೆಯುತ್ತಿರುವ, ಒಂದು ಭಾಗ ಹಳೆಯ ಸ್ಮಶಾನದ ಮೇಲೇ ನಿಂತಿರುವ ಆ ಮಾರುಕಟ್ಟೆಯನ್ನು ಶನಿವಾರದ ಬೆಳಿಗ್ಗೆ, ತರಕಾರಿಯವರು ದರ ಕೂಗುವಾಗ ನೋಡಬೇಕು.

ಉಡುಪಿಯ ಓದುಗರೊಬ್ಬರ ಪ್ರಶ್ನೆ: ಅಲ್ಲಿ ಉಚಿತ ಟ್ರಾಮ್ ಇದೆಯಂತೆ. ಇಬ್ಬರ ಟಿಕೆಟ್‌ಗೆ ಅಷ್ಟು ಹಣ ಸುರಿಯುವ ಬದಲು ಅದರಲ್ಲೇ ಸುತ್ತಬಾರದೇಕೆ?

ಉತ್ತರ: ಸುತ್ತಬಹುದು. ನಡುನಗರದ ಚೌಕುಳಿಯೊಳಗೆ ಯಾವ ಟ್ರಾಮ್ ಹತ್ತಿದರೂ ಹಣ ಕೊಡಬೇಕಾಗಿಲ್ಲ. 2015ರಿಂದ ಈ ಸೌಲಭ್ಯವಿದೆ. ಅದರಲ್ಲೂ 35ನೆಯ ಸಂಖ್ಯೆಯ ‘ಸಿಟಿ ಸರ್ಕಲ್’ ಎಂಬುದು ಪ್ರವಾಸಿಗರಿಗೆಂದೇ ಓಡುವ ಹಳೆಯ ಮರದ ಟ್ರಾಮ್. ಸಂಸತ್ ಭವನ, ಖಜಾನೆ, ಎಕ್ಸಿಬಿಷನ್ ಭವನದ ಉದ್ಯಾನ, ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣ ಎಲ್ಲವನ್ನೂ ಅದು ಬಳಸಿ ಹೋಗುತ್ತದೆ. ಒಳಗೆ ಧ್ವನಿವರ್ಧಕದಲ್ಲಿ ವಿವರಣೆಯೂ ಬರುತ್ತದೆ, ಹಳಿಯ ಸದ್ದಿನಲ್ಲಿ ಅರ್ಧ ಕೇಳಿಸಿದರೆ ಪುಣ್ಯ. ಡ್ರೈವರ್ ಹಿಂದಿನ ಗಾಜಿನ ಬಳಿ ನಿಂತರೆ ಮೆಲ್ಬರ್ನ್‌ನ ಒಂದು ವಿಚಿತ್ರ ಕಾಣಸಿಗುತ್ತದೆ. ಬಲಕ್ಕೆ ತಿರುಗಬೇಕಾದ ಕಾರು, ಟ್ರಾಮಿಗೆ ಅಡ್ಡವಾಗದಿರಲೆಂದು, ರಸ್ತೆಯ ಎಡತುದಿಗೆ ಬಂದು ವೃತ್ತದ ನಡುವೆ ಕಾದು ನಿಲ್ಲುತ್ತದೆ. ಅಡ್ಡರಸ್ತೆಗೆ ಹಸಿರು ದೀಪ ಬಿದ್ದ ಮೇಲೆ ಎಲ್ಲ ಪಥಗಳನ್ನೂ ದಾಟಿ ಬಲಕ್ಕೆ ಹೋಗುತ್ತದೆ. ನಮ್ಮೂರಿನಲ್ಲಿ ಹಾಗೆ ತಿರುಗಿದವರಿಗೆ ಏನೆಂದು ಬೈಯುತ್ತಾರೋ ಅದೇ ಅಲ್ಲಿ ಕಾನೂನು.

ಹಾಗಿದ್ದರೂ ಯುದ್ಧ ಸ್ಮಾರಕ, ಸಸ್ಯೋದ್ಯಾನ, ಸೇಂಟ್ ಕಿಲ್ಡಾ ಕಡಲತೀರ ಇವು ಉಚಿತ ವಲಯದ ಆಚೆ ಇವೆ, ಅಲ್ಲಿಗೆ ಹೋಗುವ ಟ್ರಾಮ್‌ನಲ್ಲಿ ಮೈಕಿ ಕಾರ್ಡ್ ಮುಟ್ಟಿಸದಿದ್ದರೆ ದಂಡ ಬೀಳುತ್ತದೆ. ಮೂರು ತಿಂಗಳು ಇರುವವರು, ನಡೆಯಬಲ್ಲವರು, ನಕ್ಷೆ ನೋಡಿ ಅಭ್ಯಾಸವಿರುವವರು ಟ್ರಾಮ್ ಹಿಡಿಯಲಿ. ಎರಡೇ ದಿನ ತಂಗುವವರಿಗೂ, ಟ್ರಾಮ್ ಬದಲಾಯಿಸುವುದೇ ಚಿಂತೆಯಾಗುವವರಿಗೂ ಬಸ್ಸೇ ಸರಿ. ನನ್ನನ್ನು ಕೇಳಿದರೆ, ಒಂದು ಬೆಳಿಗ್ಗೆ ಬಸ್ಸು, ಇನ್ನೊಂದು ಬೆಳಿಗ್ಗೆ ಟ್ರಾಮ್.

ತುಮಕೂರಿನ ಓದುಗರೊಬ್ಬರ ಪ್ರಶ್ನೆ: ಕೊನೆಯಲ್ಲಿ ಗೈಡ್‌ಗೆ ಟಿಪ್ಸ್ ಕೊಡಬೇಕೇ?

ಉತ್ತರ: ಆ ದೇಶದಲ್ಲಿ ಅದು ಕಡ್ಡಾಯದ ರೂಢಿಯಲ್ಲ. ಇಳಿಯುವಾಗ ಚಾಲಕನಿಗೆ ‘ಥ್ಯಾಂಕ್ಸ್’ ಎನ್ನುವುದನ್ನು ಮಾತ್ರ ಅಲ್ಲಿನ ಶಾಲೆಯ ಮಕ್ಕಳೂ ಮರೆಯುವುದಿಲ್ಲ.